ಒಂದೇ ಗಾಡಿಗೆ ಜಾಗ

ಬಂಗಾರಪೇಟೆಯ ಹೊಸ ಮನೆಯ ಮುಂದೆ ಒಂದೇ ಗಾಡಿ ನಿಲ್ಲುವಷ್ಟು ಜಾಗವಿತ್ತು. ಆಂಜನಪ್ಪನ ಬಳಿ ಎರಡು ಗಾಡಿಗಳಿದ್ದವು. ಎರಡೂ ಅವನ ಮದುವೆಗಿಂತ ಹಳೆಯವು. ಅವನು ಬೀಡಿ ಸೇದುವುದನ್ನು ನಿಲ್ಲಿಸಿ ವರ್ಷಗಳಾಗಿದ್ದರೂ ಮನೆಯಲ್ಲಿ ಹೊಗೆ ನಿಂತಿರಲಿಲ್ಲ. ಅದಕ್ಕೆ ಇವೆರಡೇ ಕಾರಣ.

ಒಂದು, ಕಡುಹಸಿರು ಬಣ್ಣದ ಸ್ಪೋರ್ಟ್ಸ್ ಕಾರು. ಎರಡೇ ಸೀಟು, ಬಟ್ಟೆಯ ಟಾಪು, ಉದ್ದ ಮೂತಿ. ಹೊಟ್ಟೆ ನೆಲಕ್ಕೆ ತಾಗಿತೇನೋ ಎನ್ನುವಷ್ಟು ತಗ್ಗು. ಚಿನ್ನದ ಗಣಿಯ ಸಾಹೇಬನೊಬ್ಬ ಇಂಗ್ಲೆಂಡಿನಿಂದ ತರಿಸಿದ್ದು ಎಂದು ಕೆಜಿಎಫ್‌ನಲ್ಲಿ ಎಲ್ಲರೂ ಹೇಳುತ್ತಿದ್ದರು. ಯಾವ ಸಾಹೇಬ ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೆಸರು ಹೇಳುತ್ತಿದ್ದರು. ಆಂಜನಪ್ಪನ ಕೈಗೆ ಬಂದಾಗ ಅದರೊಳಗೆ ಒಂದು ಕೋಳಿ ಮೊಟ್ಟೆಗಳ ಮೇಲೆ ಕಾವಿಗೆ ಕೂತಿತ್ತು. ಮರಿಗಳು ಹೊರಬರುವವರೆಗೂ ಕಾದು ಆಮೇಲೆ ರಿಪೇರಿ ಶುರು ಮಾಡಿದ. ರಿಪೇರಿ ಇನ್ನೂ ಮುಗಿದಿಲ್ಲ.

ಇನ್ನೊಂದು, ಹರಾಜಿನಲ್ಲಿ ಬಂದ ಡೀಸೆಲ್ ಜೀಪು. ಬಾಗಿಲುಗಳಿಲ್ಲ. ಕ್ಯಾನ್ವಾಸ್ ಹೊದಿಕೆಯಲ್ಲಿ ಮೂರು ಬಣ್ಣದ ತೇಪೆಗಳು. ಗೇರು ಹಾಕುವಾಗ ಯಾರೋ ಪಾತ್ರೆ ಎಸೆದ ಸದ್ದು. ಆದರೆ ಅದು ಹತ್ತದ ದಿಣ್ಣೆಯನ್ನು ಈ ತಾಲ್ಲೂಕಿನಲ್ಲಿ ಯಾರೂ ನೋಡಿರಲಿಲ್ಲ.

ಆಂಜನಪ್ಪ ಕೆಜಿಎಫ್‌ನ ಕಾರ್ಖಾನೆಯೊಂದರಲ್ಲಿ ಕೊನೆತನಕ ಇನ್‌ಸ್ಪೆಕ್ಷನ್ ವಿಭಾಗದಲ್ಲಿದ್ದವನು. ಬೇರೆಯವರು ಮಾಡಿದ ಬಿಡಿಭಾಗವನ್ನು ಅಳೆದು ಪಾಸ್ ಅಥವಾ ರಿಜೆಕ್ಟ್ ಅನ್ನುವುದು ಅವನ ಕೆಲಸ. ನಿವೃತ್ತಿಯಾದ ಮೇಲೆ ಆ ಎರಡು ಮಾತುಗಳನ್ನು ಮನೆಗೆ ತಂದ. ಉಪ್ಪಿಟ್ಟು ಪಾಸ್. ಚಟ್ನಿ ರಿಜೆಕ್ಟ್. ಹೆಂಡತಿ ಶಾಂತಮ್ಮ ಒಂದು ಬೆಳಿಗ್ಗೆ ಸೌಟನ್ನು ಅವನ ಕೈಗೇ ಕೊಟ್ಟು ತಂಗಿಯ ಮನೆಗೆ ಹೋಗಿಬಿಟ್ಟ ಮೇಲೆ ಅಡುಗೆಮನೆಯ ತಪಾಸಣೆ ನಿಂತಿತು. ಉಳಿದ ಕಡೆ ನಡೆದೇ ಇತ್ತು.

ಈಗ ಕಾರ್ಖಾನೆಯ ಕ್ವಾರ್ಟರ್ಸ್ ಖಾಲಿ ಮಾಡಬೇಕಿತ್ತು. ಬಂಗಾರಪೇಟೆಯಲ್ಲಿ ಕಟ್ಟಿಸಿದ ಮನೆಗೆ ಸೋಮವಾರ ಗೃಹಪ್ರವೇಶ. ಮನೆ ಮುಂದಿನ ರಸ್ತೆಯಲ್ಲಿ ಗಾಡಿ ಬಿಟ್ಟರೆ ಎದುರುಮನೆ ಅಂಬರೀಶನ ಟೆಂಪೊ ಹೊರಗೆ ಬರುವುದಿಲ್ಲ. ಹಾಗಾಗಿ ಒಂದು ಗಾಡಿ ಹೋಗಲೇಬೇಕು. ಕೊಳ್ಳುವವನೂ ಗೊತ್ತಾಗಿದ್ದ: ಕೆಜಿಎಫ್‌ನ ಹಳೆ ಗಾಡಿ ವ್ಯಾಪಾರಿ, ತಮಿಳು ಬೆರೆಸಿ ಮಾತಾಡುವ ಕುಪ್ಪುಸ್ವಾಮಿ. ಯಾವ ಗಾಡಿಯಾದರೂ ಸರಿ, ಭಾನುವಾರ ಲಾರಿ ತಂದು ಹೇರಿಕೊಂಡು ಹೋಗುತ್ತೇನೆ ಎಂದಿದ್ದ. ಬಿಚ್ಚಿ ಬಿಡಿಬಿಡಿಯಾಗಿ ಮಾರುವವನಿಗೆ ಕಾರಾದರೇನು, ಜೀಪಾದರೇನು.

ಯಾವುದು ಎನ್ನುವುದಷ್ಟೇ ಉಳಿದಿತ್ತು.

ಮಗ ಸೃಜನ್ ಕಾರಿನ ಕಡೆ. ಅಪ್ಪನ ಕಾರ್ಖಾನೆಯಲ್ಲೇ ಡ್ರಾಯಿಂಗ್ ವಿಭಾಗದಲ್ಲಿದ್ದ ಅವನು ಪ್ರತಿ ಭಾನುವಾರ ಕಾರನ್ನು ಒರೆಸಿ ರಾಬರ್ಟ್‌ಸನ್‌ಪೇಟೆಯ ತನಕ ಹೋಗಿ ಬರುತ್ತಿದ್ದ. ಹೋದಲ್ಲೆಲ್ಲ ಜನ ಕೈ ಬೀಸುತ್ತಿದ್ದರು, ಫೋನ್ ಎತ್ತಿ ಫೋಟೊ ತೆಗೆಯುತ್ತಿದ್ದರು. ಸೃಜನನೂ ಕೈ ಬೀಸುತ್ತಿದ್ದ. ಅದು ಅವನಿಗೆ ಅಭ್ಯಾಸವಾಗಿಬಿಟ್ಟಿತ್ತು.

ಮಗಳು ಭಾರ್ಗವಿ ಜೀಪಿನ ಕಡೆ. ಅವಳದ್ದು ಅಭ್ಯಾಸದ ಮಾತಲ್ಲ, ಕೆಲಸದ ಮಾತು. ಬೂದಿಕೋಟೆಯ ಆಚೆ ಗುಡ್ಡದ ಹಿಂದೆ ಮೂರು ಸಣ್ಣ ಹಳ್ಳಿಗಳಿದ್ದವು. ಅಲ್ಲಿಗೆ ಹೋಗುವ ದಾರಿ ಬರೀ ಬಂಡೆ ಮತ್ತು ಗುಂಡಿ. ಹಾಲಿನ ವ್ಯಾನು ಹೋಗುತ್ತಿರಲಿಲ್ಲ. ಭಾರ್ಗವಿ ದಿನಾ ಬೆಳಿಗ್ಗೆ ಜೀಪಿನಲ್ಲಿ ಹತ್ತಿ ಅಲ್ಲಿನ ಹೆಂಗಸರ ಹಾಲಿನ ಕ್ಯಾನುಗಳನ್ನು ಡೇರಿಗೆ ಇಳಿಸಿ, ವಾಪಸ್ ಹಿಂಡಿ, ಬೂಸಾ ಹೇರಿಕೊಂಡು ಹೋಗುತ್ತಿದ್ದಳು. ಜೀಪು ಹೋದರೆ ಆ ಕೆಲಸ ಹೋಯಿತು. ಆಮೇಲೆ ಉಳಿಯುವುದು ಕಾಲೇಜೊಂದರ ಆಫೀಸಿನಲ್ಲಿ ಅಪ್ಪ ಹೇಳಿಟ್ಟಿದ್ದ ಕುರ್ಚಿ. ಅವಳು ಆ ಕುರ್ಚಿಯನ್ನು ಹೋಗಿ ನೋಡಿ ಬಂದಿದ್ದಳು. ಅದರ ಮುಂದೆ ಗೋಡೆ ಇತ್ತು.

"ಜೀಪು ಅಜ್ಜಿ ಊರಲ್ಲೇ ಇರ್ಲಿ ಅಪ್ಪಾ," ಎಂದು ಅವಳು ಮೊದಲೇ ಕೇಳಿಯಾಗಿತ್ತು.

"ನನ್ ಹೆಸರಲ್ಲಿರೋ ಗಾಡಿ ನನ್ ಕಣ್ಮುಂದೆ ಇರ್ಬೇಕು. ಇಲ್ಲಾಂದ್ರೆ ನನ್ ಹೆಸರಲ್ಲಿರ್ಬಾರ್ದು," ಎಂದಿದ್ದ ಆಂಜನಪ್ಪ. ಅಜ್ಜಿಯ ಅಂಗಳದಲ್ಲಿ ದನಗಳಿಗೇ ಜಾಗ ಸಾಲದು ಎನ್ನುವುದೂ ನಿಜವೇ.

ಶನಿವಾರ ಸಂಜೆ ಅಣ್ಣ ತಂಗಿ ಮತ್ತೆ ಶುರು ಮಾಡಿದರು.

"ಅದೊಂದು ಗಾಡಿನಾ? ಕೂತ್ರೆ ಸೊಂಟ ಉಳಿಯಲ್ಲ," ಎಂದ ಸೃಜನ್.

"ನಿಂದು ಕೂರೋ ಗಾಡಿ ಅಲ್ಲ ಬಿಡಣ್ಣ, ಮಲ್ಗೋದು. ಹಂಪ್ ಬಂದ್ರೆ ಇಳಿದು ನಮಸ್ಕಾರ ಮಾಡ್ಬೇಕು."

"ಸ್ಪೀಡಲ್ಲಿ ನೋಡ್ಕೋಳೆ."

"ಎಲ್ಲಿ? ಬೂದಿಕೋಟೆ ರೋಡಲ್ಲಾ? ಎಮ್ಮೆ ಅಡ್ಡ ಬಂದ್ರೆ ಎರಡೂ ಒಂದೇ ಸ್ಪೀಡು."

"ಲೇ, ಪ್ರಪಂಚದಲ್ಲಿ ಜನ ಈ ಕಾರಿನ ಫೋಟೊ ಗೋಡೆಗೆ ಹಾಕ್ಕೊಂಡಿದಾರೆ."

"ಗೋಡೆ ಮೇಲೆ ಚೆನ್ನಾಗೇ ಇರುತ್ತೆ. ರೋಡಿಗೆ ಯಾಕೆ ತರ್ತೀಯ?"

"ಸಾಕು," ಎಂದ ಆಂಜನಪ್ಪ. "ಟೆಸ್ಟ್ ಮಾಡೋಣ."

ಮಾಡುವ ಕೆಲಸದಲ್ಲೇ ಟೆಸ್ಟನ್ನೂ ಸೇರಿಸಿದ. ಗೃಹಪ್ರವೇಶದ ಊಟಕ್ಕೆ ಮೊಸರು ಬೇಕಿತ್ತು. ಅದಕ್ಕೆ ಹಾಲು ಬರಬೇಕಾದ್ದು ಬೂದಿಕೋಟೆಯ ಹತ್ತಿರದ ಹಳ್ಳಿಯಲ್ಲಿದ್ದ ಅವನ ತಾಯಿ ಮುನಿನಾರಾಯಣಮ್ಮನ ಮನೆಯಿಂದ. ಎರಡು ಗಾಡಿ, ಎರಡು ಕ್ಯಾನು. ಕತ್ತಿನವರೆಗೂ ತುಂಬಿಸಬೇಕು, ಮುಚ್ಚಳ ಹಾಕುವಂತಿಲ್ಲ. ಬಂಗಾರಪೇಟೆಗೆ ಬಂದಾಗ ಯಾರ ಕ್ಯಾನಿನಲ್ಲಿ ಹಾಲು ಹೆಚ್ಚಿದೆಯೋ ಅವರ ಗಾಡಿ ಪಾಸ್. ಇನ್ನೊಂದು ರಿಜೆಕ್ಟ್.

"ಟಾರ್ ರೋಡಲ್ಲಿ ಟೆಸ್ಟಾ?" ಎಂದಳು ಭಾರ್ಗವಿ. "ಗುಡ್ಡದ ದಾರೀಲಿ ಬರ್ಲಿ ಅಣ್ಣ, ನೋಡೋಣ."

"ನಿಮ್ಮಮ್ಮನ ಮೊಸರು ಗುಡ್ಡದ ಮೇಲಿಂದ ಬರಲ್ಲ. ಟಾರ್ ರೋಡಲ್ಲೇ ಬರುತ್ತೆ."

"ಅಷ್ಟೇನಾ? ಬೇರೇನೂ ನೋಡಲ್ವಾ?"

"ಟೆಸ್ಟ್ ಅಂದ್ರೆ ಒಂದು ಅಳತೆ. ಮೊದ್ಲೇ ಹೇಳ್ಬೇಕು, ಆಮೇಲೆ ಬದಲಾಯಿಸ್ಬಾರ್ದು. ಹಾಲು, ಅಷ್ಟೇ."

ಒಳಗಿನಿಂದ ಶಾಂತಮ್ಮ ಕೂಗಿದಳು: "ನಿಮ್ಮ ಟೆಸ್ಟು ಏನಾದ್ರೂ ಆಗ್ಲಿ, ನನ್ ಹಾಲು ಚೆಲ್ಲಿದ್ರೆ ನಾಳಿದ್ದು ನೀವೇ ಬಡಿಸ್ಕೊಳ್ಳಿ."

ಭಾನುವಾರ ಬೆಳಿಗ್ಗೆ, ಭಾರ್ಗವಿ ಗುಡ್ಡದ ಹಾಲನ್ನು ಡೇರಿಗೆ ಮುಟ್ಟಿಸಿ ಬಂದ ಮೇಲೆ, ಇಬ್ಬರೂ ಹೊರಟರು. ಬಂಗಾರಪೇಟೆಯ ಮಾರ್ಕೆಟ್ಟಿನಲ್ಲಿ ಕಾರಿನ ಸುತ್ತ ಜನ ಕೂಡಿದರು. ಹೂವಿನವಳು ಅದರ ಮೂತಿಗೆ ಒಂದು ಮೊಳ ಕನಕಾಂಬರ ಹಾಕಿ ಫೋಟೊ ತೆಗೆಸಿಕೊಂಡಳು. ಜೀಪಿನ ಹತ್ತಿರ ಬಂದವನು ಒಬ್ಬನೇ. "ಬೂದಿಕೋಟೆಗಾ? ಬೇಗ ಓಗು," ಎಂದು ಹಿಂದೆ ಹತ್ತಿ ಕೂತ.

ಊರು ದಾಟಿದ ಮೇಲೆ ವ್ಯತ್ಯಾಸ ಕಂಡಿತು. ಕಾರು ಹಾಡಿನಂತೆ ಸರಿದು ಹೋಗುತ್ತಿತ್ತು, ಮುಂದಿನ ಹಂಪ್ ಬರುವವರೆಗೆ. ಈ ಕಡೆಯ ಹಳ್ಳಿಯವರು ರಸ್ತೆಯಲ್ಲಿ ಕುರಿಮರಿ ಸತ್ತರೂ ತಾವೇ ಒಂದು ಹಂಪ್ ಹಾಕಿಕೊಳ್ಳುತ್ತಾರೆ. ಪ್ರತಿ ಹಂಪಿಗೂ ಸೃಜನ್ ಕಾರನ್ನು ಓರೆ ಮಾಡಿ, ಒಂದು ಚಕ್ರ ಹತ್ತಿಸಿ, ಒಂದು ಇಳಿಸಿ, ಉಸಿರು ಬಿಗಿಹಿಡಿದು ದಾಟಬೇಕು. ಜೀಪು ಹಿಂದಿನಿಂದ ಬಂದು ದಡಬಡ ಹಾರಿ ಮುಂದೆ ಹೋಗುತ್ತಿತ್ತು. ಬಯಲು ಬಂದಾಗ ಕಾರು ಮತ್ತೆ ಮುಂದೆ. ಹೀಗೆ ಒಬ್ಬರನ್ನೊಬ್ಬರು ದಾಟುತ್ತ ಇಬ್ಬರೂ ಒಟ್ಟಿಗೇ ಅಜ್ಜಿಯ ಮನೆ ಮುಟ್ಟಿದರು.

ಮುನಿನಾರಾಯಣಮ್ಮ ಎಮ್ಮೆಗೆ ನೀರು ತೋರಿಸುತ್ತಿದ್ದಳು. ಟೆಸ್ಟಿನ ವಿಷಯ ಕೇಳಿ ಮಗನಿಗೆ ಬೈದಳು.

"ಅವುನ್ಗೆ ರಿಟೈರ್ ಆದ್ಮ್ಯಾಲೆ ತಲೆ ಕೆಟ್ಟೋಗೈತೆ. ಆಲು ಅಳೆಯೋದು ಗಾಡಿ ನೋಡಕ್ಕಾ?"

"ನಿಂಗೆ ಯಾವ್ದು ಇಷ್ಟ ಅಜ್ಜಿ?" ಎಂದು ಸೃಜನ್ ಕೇಳಿದ.

"ನಿನ್ ಕಾರ್ನಾಗೆ ಕುಂತ್ರೆ ಎಬ್ಬಸಕ್ಕೆ ಇಬ್ರು ಬೇಕು. ಇವ್ಳ ಜೀಪ್ನಾಗೆ ಅತ್ತಸಕ್ಕೆ ಇಬ್ರು ಬೇಕು. ನಂಗೆ ಬಸ್ಸೇ ವಾಸಿ ಕಣ್ಲಾ."

ಬೆಳಗಿನ ಹಾಲನ್ನು ಎರಡು ಕ್ಯಾನಿಗೂ ಕತ್ತಿನವರೆಗೆ ತುಂಬಿದರು. ಸೃಜನ್ ತನ್ನ ಕ್ಯಾನನ್ನು ಪಕ್ಕದ ಸೀಟಿನಲ್ಲಿ ಕೂರಿಸಿ ಬೆಲ್ಟ್ ಹಾಕಿದ. ಗೃಹಪ್ರವೇಶಕ್ಕೆ ಹೊರಟ ಗರತಿಯಂತೆ ಅದು ನೆಟ್ಟಗೆ ಕೂತಿತು. ಜೀಪಿನ ಗಡಸು ಸ್ಪ್ರಿಂಗ್ ಪಟ್ಟಿಯ ಮೇಲೆ ಹಾಲು ಹಾರುವುದು ಖಂಡಿತ ಎಂದು ಭಾರ್ಗವಿಗೆ ಗೊತ್ತಿತ್ತು. ಅವಳು ಬಾಳೆ ಎಲೆಯನ್ನು ತೊಳೆದು, ಕ್ಯಾನಿನ ಬಾಯಿಗೆ ಸರಿಯಾಗಿ ದುಂಡಗೆ ಹರಿದು ಹಾಲಿನ ಮೇಲೆ ತೇಲಿಬಿಟ್ಟಳು. ನೀರು ಹೊರುವ ಹೆಂಗಸರು ಕೊಡದಲ್ಲಿ ಎಲೆ ಹಾಕುವುದು ಇದಕ್ಕೇ, ಅಲೆ ಏಳುವುದಿಲ್ಲ.

"ಮೋಸ," ಎಂದ ಸೃಜನ್.

"ಮುಚ್ಚಳ ಬೇಡ ಅಂದ್ರು. ಎಲೆ ಬೇಡ ಅನ್ಲಿಲ್ಲ."

ಕ್ಯಾನಿನ ಸುತ್ತ ಹಿಂಡಿ ಚೀಲಗಳನ್ನು ಒತ್ತಿ ಇಟ್ಟು ಹೊರಟಳು. ಎರಡು ಹಂಪ್ ದಾಟಿ ತಿರುಗಿ ನೋಡಿದಾಗ ಚೆಲ್ಲಿದ್ದು ಒಂದು ಲೋಟವೂ ಇರಲಿಲ್ಲ. ಮುಂದೆ ಹೋಗುತ್ತಿದ್ದ ಕಾರಿನ ಟಾಪು ಮಡಚಿದ್ದರಿಂದ ಸೀಟು ಒದ್ದೆಯಾದದ್ದು ಹಿಂದಿನಿಂದಲೇ ಕಾಣುತ್ತಿತ್ತು. ಸೃಜನ್ ಎಡಗೈಯಲ್ಲಿ ಬಟ್ಟೆ ಹಿಡಿದು ಒರೆಸುತ್ತಲೇ ಓಡಿಸುತ್ತಿದ್ದ. ಹೀಗೇ ಹೋದರೆ ಜೀಪು ಪಾಸ್. ಭಾರ್ಗವಿ ಸಿಳ್ಳೆ ಹಾಕಿದಳು.

ಹೋಗುವಾಗ ಖಾಲಿಯಿದ್ದ ರಸ್ತೆ ಈಗ ಖಾಲಿಯಿರಲಿಲ್ಲ. ಸಂಕ್ರಾಂತಿ ಕಳೆದ ದಿನಗಳು. ಮಂಜು ಆರಿ ಬಿಸಿಲು ಏರಿತೆಂದರೆ ಸುತ್ತಲಿನ ರೈತರು ಕಿತ್ತ ಹುರುಳಿ ಗಿಡಗಳನ್ನು ತಂದು ಟಾರ್ ರಸ್ತೆಯ ಮೇಲೆ ಹಾಸುತ್ತಾರೆ. ಬಸ್ಸು, ಲಾರಿ, ಟ್ರಾಕ್ಟರ್ ಅದರ ಮೇಲೆ ಓಡಿ ಕಾಯಿ ಒಡೆಯುತ್ತದೆ. ಸಂಜೆಗೆ ಹೊಟ್ಟು ಎತ್ತಿ ಕಾಳು ಗುಡಿಸಿಕೊಳ್ಳುತ್ತಾರೆ. ಒಕ್ಕಣೆಯ ಕೂಲಿ ಉಳಿಯಿತು. ಬೈಗುಳ ಸಿಗುತ್ತದೆ, ಆದರೆ ಬೈಗುಳದಿಂದ ಹುರುಳಿ ಹಾಳಾಗುವುದಿಲ್ಲ.

ತಿರುವಿನಲ್ಲಿ ಹಾಸಿದ್ದವನು ಸೊಣ್ಣಪ್ಪ. ಅರವತ್ತರ ಆಳು, ತಲೆಗೆ ಟವೆಲ್, ಕೈಯಲ್ಲಿ ಕವೆಗೋಲು. ಮೊಣಕಾಲೆತ್ತರ ಹಾಸಿದ್ದ. ಗಾಡಿಗಳು ಪಕ್ಕದಿಂದ ನುಸುಳಿ ಹೋಗದಂತೆ ರಸ್ತೆಯ ಎರಡೂ ಅಂಚಿಗೆ ಕಲ್ಲು ಜೋಡಿಸಿದ್ದ. ಕಾರು ನಿಧಾನವಾದದ್ದು ನೋಡಿ ಓಡಿ ಬಂದು ಕೈ ಆಡಿಸಿದ.

"ಮ್ಯಾಲೇ ಓಗಪ್ಪಾ, ಮ್ಯಾಲೇ! ಏನೂ ಆಗಕಿಲ್ಲ!"

"ದಾರಿ ಬಿಡಿ ಯಜಮಾನ್ರೇ, ಇದು ತಗ್ಗು ಕಾರು."

"ತಗ್ಗಾದ್ರೆ ಇನ್ನೂ ಒಳ್ಳೇದು, ಸಂದಾಗಿ ಉಜ್ತದೆ. ಓಗು!"

ಹಿಂದೆ ಬಸ್ಸು ಹಾರನ್ ಮಾಡುತ್ತಿತ್ತು. ಸೃಜನ್ ನುಗ್ಗಿಸಿದ. ಕಾರು ದೋಣಿಯಂತೆ ಹುರುಳಿಯೊಳಗೆ ಇಳಿದು, ಎರಡು ಕಡೆಗೂ ಬಳ್ಳಿ ಸೀಳುತ್ತ ಆಚೆ ಬಂತು. ಸೊಣ್ಣಪ್ಪ ಖುಷಿಯಿಂದ ಕೂಗಿದ. ಬಸ್ಸು ಬಂತು, ಜೀಪು ಬಂತು.

ಒಣಗಿದ ಹುರುಳಿ ಬಳ್ಳಿ ಹಗ್ಗದ ಜಾತಿಯದು. ತಿರುಗುವ ಯಾವುದಕ್ಕೆ ಸಿಕ್ಕರೂ ಸುತ್ತಿಕೊಳ್ಳುತ್ತದೆ. ಎತ್ತರದ ಗಾಡಿಗಳ ಕೆಳಗೆ ಅದು ಎಟುಕುವುದಿಲ್ಲ. ಕಾರಿನ ಕೆಳಗೆ ಶಾಫ್ಟಿಗೆ ಒಂದು ಕಟ್ಟು ಸುತ್ತಿಕೊಂಡು, ಇನ್ನೊಂದು ಕಟ್ಟು ಕಾದ ಸೈಲೆನ್ಸರಿಗೆ ಅಂಟಿಕೊಂಡಿತ್ತು. ಬಸ್ಸು ಮುಂದಿನ ಸ್ಟಾಪಿನಲ್ಲಿ ನಿಂತಾಗ ಅದನ್ನು ದಾಟಿ ಬಂದ ಭಾರ್ಗವಿಗೆ ಮೊದಲು ಕಂಡದ್ದು ಬಿಳಿ ಹೊಗೆ. ಈ ಕಾರಿಗೆ ಹೊಗೆ ಹೊಸದಲ್ಲ ಎಂದುಕೊಂಡಳು. ಆಮೇಲೆ ಅದರ ಹೊಟ್ಟೆಯ ಕೆಳಗೆ ಕೆಂಪಗೆ ಏನೋ ಆಡಿತು.

ಹಾರನ್ ಒತ್ತಿ ಹಿಡಿದಳು. ಸೃಜನ್ ಅದನ್ನು ರೇಸು ಎಂದುಕೊಂಡು ವೇಗ ಹೆಚ್ಚಿಸಿದ.

ರಸ್ತೆ ಪಕ್ಕದ ಟೊಮೆಟೊ ತೋಟದಲ್ಲಿ ಹಣ್ಣು ಬಿಡಿಸುತ್ತಿದ್ದ ಹೆಂಗಸರು ಎದ್ದು ನಿಂತು ಕೈ ಬೀಸಿ ಕಿರುಚಿದರು. ಸೃಜನ್ ನಗುತ್ತ ಕೈ ಬೀಸಿದ. ಸೈಕಲ್ಲಿನವನೊಬ್ಬ ಎರಡೂ ಕೈ ಎತ್ತಿ ಕೆಳಗೆ ತೋರಿಸಿದ. ಸೃಜನ್ ಅವನಿಗೂ ಕೈ ಬೀಸಿದ. ಹಾಲಿನ ಡೇರಿಯ ಮುಂದೆ ಕೂತವರೆಲ್ಲ ದಿಗ್ಗನೆ ಎದ್ದರು. ಇಷ್ಟು ಮರ್ಯಾದೆ ಅವನಿಗೆ ರಾಬರ್ಟ್‌ಸನ್‌ಪೇಟೆಯಲ್ಲೂ ಸಿಕ್ಕಿರಲಿಲ್ಲ. ತಲೆ ಬಾಗಿಸಿ ನಮಸ್ಕಾರ ಮಾಡಿದ.

ಮುಂದೆ ಒಂದು ಹಂಪ್ ಬಂತು. ಪುಣ್ಯಕ್ಕೆ ಎತ್ತರದ್ದು. ಸೃಜನ್ ಕಾರನ್ನು ಓರೆ ಮಾಡುವಷ್ಟರಲ್ಲಿ ಭಾರ್ಗವಿ ಜೀಪನ್ನು ಹಾರಿಸಿ ಅವನ ಮೂತಿಗೆ ಅಡ್ಡ ನಿಲ್ಲಿಸಿದಳು.

"ಏಯ್, ತಲೆ ಕೆಟ್ಟಿದೆಯಾ ನಿಂಗೆ?"

"ಇಳಿಯೋ, ಇಳಿಯೋ! ಬೆಂಕಿ!"

ಸೃಜನ್ ಬಗ್ಗಿ ನೋಡಿದ. ಬಾಗಿಲು ತೆಗೆಯುವುದನ್ನೂ ಮರೆತು ಅದರ ಮೇಲಿಂದಲೇ ಹಾರಿದ.

ಭಾರ್ಗವಿ ಮೊದಲು ಜೀಪಿನ ರೇಡಿಯೇಟರಿಗೆ ಇಟ್ಟಿದ್ದ ನೀರನ್ನು ಕಾರಿನ ಕೆಳಗೆ ಎರಚಿದಳು. ಅರ್ಧ ಆರಿತು, ಅರ್ಧ ಮತ್ತೆ ಹೊತ್ತಿತು. ಆ ಹೊತ್ತಿಗೆ ಬಸ್ಸು ಬಂದು ನಿಂತು, ಅದರಿಂದ ಸೊಣ್ಣಪ್ಪ ಇಳಿದ. ಹೊಗೆ ನೋಡಿ ಸ್ಟಾಪಿನ ತನಕ ಓಡಿ, ಕವೆಗೋಲಿನ ಸಮೇತ ಅದೇ ಬಸ್ ಹತ್ತಿದ್ದನಂತೆ. ಕೋಲನ್ನು ಕೆಳಗೆ ತೂರಿಸಿ ಉರಿಯುವ ಬಳ್ಳಿಯನ್ನು ಎಳೆಯತೊಡಗಿದ.

"ಮಣ್ಣಾಕ್ರೋ, ಮಣ್ಣಾಕ್ರೋ!" ಎಂದು ಕೂಗಿದ.

"ಮಣ್ ಬೇಡ! ಇಂಜಿನ್ ಒಳಗೆ ಹೋಗುತ್ತೆ! ಪೇಂಟು!" ಎಂದು ಸೃಜನ್ ಅಡ್ಡ ನಿಂತ.

"ಪೆಟ್ರೋಲ್ ಗಾಡಿ ಕಣ್ಲಾ, ಪೇಂಟ್ ಪೇಂಟ್ ಅಂತೀಯ!"

ಜನ ಹಿಂದಕ್ಕೆ ಸರಿದರು. ಪೆಟ್ರೋಲ್ ಟ್ಯಾಂಕು ಹಿಂಭಾಗದಲ್ಲಿತ್ತು, ಬೆಂಕಿ ನಡುಭಾಗದಲ್ಲಿತ್ತು, ಬಳ್ಳಿಯ ಬಾಲ ಹಿಂದಕ್ಕೆ ಚಾಚಿತ್ತು. ಭಾರ್ಗವಿ ಸುಮ್ಮನೆ ನಿಂತಿದ್ದರೆ ಕುಪ್ಪುಸ್ವಾಮಿಯ ಲಾರಿಗೆ ಏನು ಹೋಗಬೇಕು ಎನ್ನುವ ಪ್ರಶ್ನೆ ಅಲ್ಲೇ ಮುಗಿಯುತ್ತಿತ್ತು. ಅದು ಅವಳಿಗೆ ಹೊಳೆಯಲಿಲ್ಲ ಎಂದೇನಿಲ್ಲ. ಹೊಳೆಯಿತು. ಹೊಳೆಯುವಾಗ ಅವಳ ಕೈಗಳು ಆಗಲೇ ಹಾಲಿನ ಕ್ಯಾನಿನ ಮೇಲಿದ್ದವು.

ಕ್ಯಾನನ್ನು ದರದರ ಎಳೆದು ತಂದು, ರಸ್ತೆ ಇಳಿಜಾರಾಗಿದ್ದ ಕಡೆಯಿಂದ ಬಾಗಿಸಿ ಅರ್ಧ ಹಾಲನ್ನು ಕಾರಿನ ಕೆಳಗೆ ಸುರಿದಳು. ಹಾಲು ಬಾಳೆ ಎಲೆಯನ್ನೂ ಹೊತ್ತುಕೊಂಡು ಬಿಳಿ ಹಾಸಿನಂತೆ ಒಳಗೆ ನುಗ್ಗಿತು. ಇನ್ನರ್ಧವನ್ನು ಜೀಪಿನಲ್ಲಿದ್ದ ಚೊಂಬಿನಲ್ಲಿ ಮೊಗೆದು ಸೈಲೆನ್ಸರಿಗೆ ಎರಚಿದಳು. ಚುರ್ ಎಂದಿತು. ತಳ ಹಿಡಿದ ಪಾಯಸದ ವಾಸನೆ ಬಂತು. ಸೊಣ್ಣಪ್ಪ ಕೊನೆಯ ಕಟ್ಟನ್ನು ಎಳೆದು ಹಾಕಿ ಕಾಲಲ್ಲಿ ತುಳಿದ. ಬೆಂಕಿ ಆರಿತು.

ಎಲ್ಲಿಂದಲೋ ಬಂದ ಎರಡು ನಾಯಿಗಳು ರಸ್ತೆ ನೆಕ್ಕತೊಡಗಿದವು.

ಮೊದಲು ಮಾತಾಡಿದ್ದು ಸೊಣ್ಣಪ್ಪ.

"ನನ್ ಉರ್ಳಿಗೆ ಯಾರು ಒಣೆ?"

"ಏನು?" ಎಂದ ಸೃಜನ್.

"ನಿನ್ ಕಾರು ನನ್ ಉರ್ಳಿ ಎಳ್ಕೊಂಡ್ ಬಂದು ಸುಟ್ಟಾಕ್ತು. ಒಂದೊರೆ ಓಯ್ತು."

"ನಿಮ್ಮ ಹುರುಳಿ ನನ್ನ ಕಾರ್ ಸುಟ್ಟಿತು ರೀ!"

"ಉರ್ಳಿ ತಾನೇ ಬಂದು ನಿನ್ ಕಾರ್ನ ಅಡಿ ಮಲ್ಗಿತ್ತಾ?"

"ರೋಡಲ್ಲಿ ಮಲ್ಗಿತ್ತು! ಕಲ್ಲು ಬೇರೆ ಇಟ್ಟಿದ್ರಿ!"

"ಕಲ್ಲು ಇಡ್ದೆ ಓದ್ರೆ ನೀವು ಮ್ಯಾಲೆ ಬತ್ತೀರಾ? ಪಕ್ಕದಾಗೇ ಓಗ್ತೀರ."

ಬಸ್ಸಿನ ಕಂಡಕ್ಟರ್ ನ್ಯಾಯ ಹೇಳಲು ಬಂದ. ಇಬ್ಬರೂ ಸೇರಿ ಅವನನ್ನು ಬೈದು ಕಳಿಸಿದರು. ಕಾರಿನ ಒಡೆಯ ಯಾರೆಂದು ಸೊಣ್ಣಪ್ಪ ಕೇಳಿದ. ಅಪ್ಪ ಬಂಗಾರಪೇಟೆಯಲ್ಲಿದ್ದಾರೆ ಎಂದಾಗ, ಹಾಗಾದರೆ ಅವರ ಹತ್ತಿರವೇ ಮಾತಾಡುತ್ತೇನೆ ಎಂದು ಜೀಪಿನ ಮುಂದಿನ ಸೀಟಿನಲ್ಲಿ ಹತ್ತಿ ಕೂತ.

ಕಾರು ಸ್ಟಾರ್ಟ್ ಆಗಲಿಲ್ಲ. ಭಾರ್ಗವಿ ಜೀಪಿನ ಹಿಂದೆ ಹಗ್ಗ ಕಟ್ಟಿದಳು. ಸೃಜನ್ ಸ್ಟೀರಿಂಗ್ ಹಿಡಿದು ಕೂತ. ಪಕ್ಕದ ಸೀಟಿನಲ್ಲಿ, ಬೆಲ್ಟಿನೊಳಗೆ, ಅವನ ಕ್ಯಾನು ಹಾಗೇ ಇತ್ತು. ಬೆಂಕಿಯ ಗಡಿಬಿಡಿಯಲ್ಲಿ ಅದನ್ನು ಯಾರೂ ಮುಟ್ಟಿರಲಿಲ್ಲ. ಜೀಪು ಎಳೆಯುವ ವೇಗದಲ್ಲಿ ಒಂದು ಹನಿಯೂ ಚೆಲ್ಲಲಿಲ್ಲ. ಆ ದಿನ ಕಾರು ಅತ್ಯಂತ ನಯವಾಗಿ ಓಡಿದ್ದು ಆಗಲೇ.

ಬಂಗಾರಪೇಟೆಯ ಮನೆಯ ಮುಂದೆ ಆಂಜನಪ್ಪ ಸ್ಟೀಲ್ ಸ್ಕೇಲ್ ಹಿಡಿದು ನಿಂತಿದ್ದ. ಕುಪ್ಪುಸ್ವಾಮಿಯ ಲಾರಿ ಆಗಲೇ ಬಂದು ರಸ್ತೆಗೆ ಅಡ್ಡವಾಗಿತ್ತು. ಎದುರುಮನೆಯ ಅಂಬರೀಶ ಗೇಟಿನಲ್ಲಿ ನಿಂತು ಗೊಣಗುತ್ತಿದ್ದ. ಹಗ್ಗದ ತುದಿಯಲ್ಲಿ ಬಂದ ಕಾರನ್ನೂ, ಮಗನ ಮಸಿ ಮುಖವನ್ನೂ, ಜೀಪಿನಿಂದ ಇಳಿದ ಅಪರಿಚಿತನನ್ನೂ ಆಂಜನಪ್ಪ ಒಂದೊಂದಾಗಿ ನೋಡಿದ. ಭಾರ್ಗವಿ ನಡೆದದ್ದನ್ನು ಮೂರು ಮಾತಿನಲ್ಲಿ ಹೇಳಿದಳು. ಅವನು ಮಗನ ಕೈ ಹಿಡಿದು ತಿರುಗಿಸಿ ಸುಟ್ಟಿಲ್ಲ ಎಂದು ಖಚಿತ ಮಾಡಿಕೊಂಡ. ಆಮೇಲೆ ಕಾರಿನ ಕ್ಯಾನಿನೊಳಗೆ ಸ್ಕೇಲ್ ಇಳಿಸಿ ನೋಡಿದ. ಜೀಪಿನ ಕ್ಯಾನಿನೊಳಗೂ ಇಳಿಸಿದ. ಅದು ತಳಕ್ಕೆ ಟಣ್ ಎಂದು ಬಡಿಯಿತು.

"ಕಾರು ಪಾಸ್," ಎಂದ.

"ಅಪ್ಪಾ!" ಎಂದ ಸೃಜನ್. "ಅವ್ಳು ಹಾಲು ಸುರಿದಿದ್ದು ನನ್ ಕಾರಿಗೆ. ಇದು ನ್ಯಾಯ ಅಲ್ಲ."

"ಹಾಗಾದ್ರೆ ಕಾರು ಬೇಡ್ವಾ ನಿಂಗೆ?"

ಸೃಜನ್ ಕಾರಿನ ಕಡೆ ನೋಡಿದ. ನ್ಯಾಯ ಅಲ್ಲ ಎಂದು ಇನ್ನೊಮ್ಮೆ ಹೇಳಿದ. ಬೇಡ ಎಂದು ಮಾತ್ರ ಹೇಳಲಿಲ್ಲ.

"ಹಗ್ಗದಲ್ಲಿ ಬಂದ ಗಾಡಿ ಪಾಸು, ಎಳ್ಕೊಂಡು ಬಂದ ಗಾಡಿ ರಿಜೆಕ್ಟಾ?" ಎಂದಳು ಭಾರ್ಗವಿ.

"ಅಳತೆ ಮೊದ್ಲೇ ಹೇಳಿದ್ದೆ. ಹಾಲು ಅಂದೆ. ಗಾಡಿ ತಾನಾಗೇ ಓಡಿ ಬರ್ಬೇಕು ಅಂತ ಹೇಳ್ಲಿಲ್ಲ. ಹೇಳ್ಬೇಕಿತ್ತು." ಆಂಜನಪ್ಪನ ದನಿ ಸಣ್ಣದಾಗಿತ್ತು. "ನಂದೇ ತಪ್ಪು. ಆದ್ರೆ ಬಂದ ಮೇಲೆ ಅಳತೆ ಬದಲಾಯಿಸಿದ್ರೆ ಅದು ಟೆಸ್ಟೇ ಅಲ್ಲ."

ಅವನು ಹ್ಞೂಂ ಎಂದರೆ ಹ್ಞೂಂ, ಊಹ್ಞೂಂ ಎಂದರೆ ಊಹ್ಞೂಂ. ಇದು ಮನೆಯವರಿಗೆಲ್ಲ ಗೊತ್ತಿತ್ತು. ಕುಪ್ಪುಸ್ವಾಮಿಗೆ ಗೊತ್ತಿರಲಿಲ್ಲ, ಆದರೆ ಅವನು ಆಗಲೇ ಲಾರಿಯ ಹಿಂಬಾಗಿಲು ಇಳಿಸಿದ್ದ.

"ಜೀಪು ದಾನೆ ಸಾರ್? ಸೀಕ್ರಂ, ಬೇಗ ಏರಿಸಿಬಿಡ್ತೀನಿ. ಬಿಸಿಲು ಜಾಸ್ತಿ ಆಯ್ತು."

ಭಾರ್ಗವಿ ಜೀಪಿನ ಬಾನೆಟ್ ಮೇಲೆ ಕೈಯಿಟ್ಟಳು. ಅದು ಇನ್ನೂ ಬಿಸಿಯಿತ್ತು. ನಾಳೆ ಬೆಳಿಗ್ಗೆ ಗುಡ್ಡದ ಹಿಂದಿನ ಹೆಂಗಸರು ಕ್ಯಾನು ಹಿಡಿದು ದಾರಿಯಲ್ಲಿ ನಿಂತಿರುತ್ತಾರೆ. ಹಾರನ್ ಕೇಳಿಸದಿದ್ದರೆ ಸ್ವಲ್ಪ ಹೊತ್ತು ಕಾಯುತ್ತಾರೆ, ಆಮೇಲೆ ಅವಳನ್ನು ಬೈಯುತ್ತಾರೆ.

ಅಷ್ಟರಲ್ಲಿ ಸೊಣ್ಣಪ್ಪ, "ನಂದು ಏನಾಯ್ತು?" ಎಂದ. "ನನ್ ಉರ್ಳಿ ಲೆಕ್ಕ?"

"ನಿಮ್ಮ ಉರ್ಳಿ ರೋಡಲ್ಲಿ ಯಾಕಿತ್ತು?" ಎಂದ ಆಂಜನಪ್ಪ. ಅವನು ಸಿಟ್ಟು ತೋರಿಸಲು ಒಬ್ಬ ಮನುಷ್ಯನಿಗಾಗಿ ಕಾಯುತ್ತಿದ್ದ.

"ಇನ್ನೆಲ್ಲಿ ಆಕ್ಲಿ ಸ್ವಾಮಿ? ಕಣ ಐತೆ. ಕಣದ ಮ್ಯಾಲೆ ಓಡ್ಸಕ್ಕೆ ಏನೈತೆ? ಎತ್ತು ಮಾರಾಯ್ತು. ಟ್ರಾಕ್ಟರ್ನೋರು ಕರುದ್ರೆ ಮುಂದಿನ್ವಾರ ಅಂತಾರೆ. ರೋಡ್ನಾಗೆ ಆಕುದ್ರೆ ಪೊಲೀಸ್ರು ಬೈತಾರೆ, ಬಸ್ನೋರು ಬೈತಾರೆ. ಇವತ್ತು ಕಾರೇ ಸುಟ್ಕೊಂಡ್ರಿ."

ಭಾರ್ಗವಿ ತಿರುಗಿದಳು.

"ನಿಮ್ ಕಣ ಎಷ್ಟು ದೊಡ್ಡದು?"

"ಜೀಪು ತಿರುಗೋವಷ್ಟು ಐತಮ್ಮಾ," ಎಂದ ಸೊಣ್ಣಪ್ಪ. ಅವನು ದಡ್ಡನಲ್ಲ. ಅವಳು ಯಾಕೆ ಕೇಳಿದಳೆಂದು ಅವಳು ಕೇಳಿ ಮುಗಿಸುವ ಮೊದಲೇ ತಿಳಿದುಕೊಂಡಿದ್ದ. "ಕಣದ ಪಕ್ಕ ಕೊಟ್ಟಿಗೆ ಐತೆ. ಎತ್ತಿಲ್ದೆ ಖಾಲಿ ಬಿದ್ದೈತೆ."

"ಜೀಪು ಅಲ್ಲಿ ನಿಲ್ಲಿಸ್ತೀನಿ. ನಿಮ್ ಉರ್ಳಿ ಒಕ್ಕಿಕೊಡ್ತೀನಿ."

"ರಾಗೀನೂ."

"ರಾಗೀನೂ. ಇವತ್ತು ಸುಟ್ಟಿದ್ದರ ಮಾತು ಮುಗೀತು."

ಸೊಣ್ಣಪ್ಪ ಗಲ್ಲ ತುರಿಸಿಕೊಂಡ. "ಅವ್ರೇಕಾಯಿ?"

"ಅದನ್ನ ಕೈಯಲ್ಲಿ ಬಿಡಿಸ್ಕೊಳ್ಳಿ."

"ಆಯ್ತು ಬಿಡು."

"ಏಯ್, ನಿಲ್ಲಿ ನಿಲ್ಲಿ," ಎಂದ ಆಂಜನಪ್ಪ. "ಜೀಪು ರಿಜೆಕ್ಟ್ ಆಯ್ತು ಅಂದೆ."

"ಫ್ಯಾಕ್ಟ್ರೀಲಿ ರಿಜೆಕ್ಟ್ ಆದ ಮಾಲು ಏನ್ ಮಾಡ್ತಿದ್ರಿ?" ಎಂದು ಭಾರ್ಗವಿ ಕೇಳಿದಳು.

"ಗೇಟಿಂದ ಆಚೆ."

"ಆಚೆನೇ ಹೋಗ್ತಾ ಇದೆ. ನಿಮ್ ಕಣ್ಮುಂದೆ ಇರಲ್ಲ, ನಿಮ್ ಹೆಸರಲ್ಲೂ ಬೇಡ. ನನ್ ಹೆಸರಿಗೆ ಮಾಡ್ಕೊಡಿ."

"ನಾನ್ ಅಲ್ವಾ ಫಸ್ಟ್ ಬಂದಿದ್ದು?" ಎಂದು ಕುಪ್ಪುಸ್ವಾಮಿ ಲಾರಿಯ ಮೇಲಿಂದ ಕೂಗಿದ. "ಎನ್ನ ಸಾರ್ ಇದು, ವರ್ಕಿಂಗ್ ಡೇ ಹಾಳು ಮಾಡ್ಕೊಂಡು ಬಂದಿದೀನಿ."

"ಭಾನುವಾರ ಎಲ್ಲಿಯ ವರ್ಕಿಂಗ್ ಡೇ?" ಎಂದ ಅಂಬರೀಶ ಗೇಟಿನಿಂದ. "ಮೊದ್ಲು ಲಾರಿ ತೆಗಿ."

ಆಂಜನಪ್ಪ ಸ್ಕೇಲನ್ನು ಒರೆಸುತ್ತ ನಿಂತ. ತನ್ನ ನಿಯಮದಲ್ಲಿ ತೂತು ಎಲ್ಲಿದೆ ಎಂದು ಹುಡುಕುತ್ತಿದ್ದ. ಆಗ ಶಾಂತಮ್ಮ ಹೊರಗೆ ಬಂದು ಖಾಲಿ ಕ್ಯಾನಿನೊಳಗೆ ಇಣುಕಿದಳು.

"ಇದರ ಹಾಲೆಲ್ಲಿ?"

ಭಾರ್ಗವಿ ಕಾರಿನ ಕೆಳಗೆ ಬೆರಳು ತೋರಿಸಿದಳು.

"ಕಾರಿಗೆ ಅಭಿಷೇಕ ಆಯ್ತು," ಎಂದ ಅಂಬರೀಶ.

"ಸರಿ. ಸಾಯಂಕಾಲದ ಹಾಲು ಕರೆಯೋ ಹೊತ್ತಿಗೆ ಇನ್ನೊಂದ್ಸಲ ಅತ್ತೆ ಮನೆಗೆ ಹೋಗ್ಬೇಕು. ಇಲ್ಲಾಂದ್ರೆ ನಾಳೆ ಅರ್ಧ ಜನಕ್ಕೆ ಮೊಸರಿಲ್ಲ. ಯಾವ ಗಾಡೀಲಿ ಹೋಗ್ತೀರಿ?" ಶಾಂತಮ್ಮ ಗಂಡನನ್ನು ನೋಡಿದಳು. "ಪಾಸಾಗಿರೋದ್ರಲ್ಲಾ?"

ಕಾರಿನ ಕೆಳಗಿನಿಂದ ಇನ್ನೂ ಹಾಲು ತೊಟ್ಟಿಕ್ಕುತ್ತಿತ್ತು.

ಆಂಜನಪ್ಪ ಸ್ಕೇಲನ್ನು ಜೇಬಿಗೆ ಹಾಕಿಕೊಂಡ. "ಮಂಗಳವಾರ ಆರ್‌ಟಿಓ ಆಫೀಸಿಗೆ ಬಾ," ಎಂದು ಮಗಳಿಗೆ ಹೇಳಿದ. "ಆಧಾರ್ ಕಾರ್ಡ್ ತಗೊಂಡು. ಆ ಕ್ಯೂನಲ್ಲಿ ನೀನೇ ನಿಲ್ಬೇಕು."

"ನಿಲ್ತೀನಿ."

"ಕಾಲೇಜಿನೋರಿಗೆ ನಾನು ಏನು ಹೇಳ್ಲಿ?"

"ರಿಜೆಕ್ಟ್ ಅನ್ನಿ."

ಶಾಂತಮ್ಮ ಕುಪ್ಪುಸ್ವಾಮಿಯನ್ನು ಊಟಕ್ಕೆ ಕರೆದಳು. ಕಾರಿನ ವೈರು, ಪೈಪು ಎಲ್ಲ ಬದಲಾಯಿಸಬೇಕು, ಅದನ್ನು ನೀನೇ ಹುಡುಕಿಕೊಡಬೇಕು ಎಂದಾಗ ಅವನ ಮುಖ ಅರಳಿತು. ಒಂದು ಹಳೆ ಜೀಪಿಗಿಂತ, ಎಂದೂ ರಿಪೇರಿ ಮುಗಿಯದ ಕಾರು ಅವನಿಗೆ ಲಾಭ. ಸೃಜನ್ ಆಗಲೇ ಕಾರಿನ ಕೆಳಗೆ ತೂರಿದ್ದ. ಭಾರ್ಗವಿ ಹೊರಡುವಾಗ ಕಾಲುಗಳಷ್ಟೇ ಕಾಣುತ್ತಿದ್ದವು.

"ಲೇ," ಎಂದು ಕೆಳಗಿನಿಂದ ಕೂಗಿದ.

"ಏನು?"

"ಥ್ಯಾಂಕ್ಸ್."

"ಬೆಲ್ಟ್ ಹಾಕಿದ್ದ ಕ್ಯಾನ್ ಇಳಿಸು, ಹಾಲು ಒಡೆಯುತ್ತೆ," ಎಂದು ಅವಳು ಜೀಪು ತಿರುಗಿಸಿದಳು.

ಸೊಣ್ಣಪ್ಪನ ಕೊಟ್ಟಿಗೆ ರಸ್ತೆಯಿಂದ ಸ್ವಲ್ಪ ಒಳಗೆ, ಕಲ್ಲುಬಂಡೆಗಳ ನಡುವೆ ಇತ್ತು. ಕಾರಾಗಿದ್ದರೆ ಬೇಲಿಯ ಹತ್ತಿರವೇ ನಿಲ್ಲುತ್ತಿತ್ತು. ಜೀಪು ಬಂಡೆಯ ಮೇಲೆ ಓಲಾಡುತ್ತ ಹತ್ತಿ ಬಾಗಿಲ ತನಕ ಬಂತು. ಅಲ್ಲಿ ನಿಂತಿತು. ಬಾಗಿಲು ಎತ್ತುಗಳಿಗೆ ಕಟ್ಟಿದ್ದು. ಕ್ಯಾನ್ವಾಸ್ ಹೊದಿಕೆಯ ಕಂಬಿ ಮೇಲಿನ ತೊಲೆಗೆ ತಾಗುತ್ತಿತ್ತು.

"ತೊಲೆ ಕೊಯ್ಯಕ್ಕಾಗಾಕಿಲ್ಲಮ್ಮಾ," ಎಂದ ಸೊಣ್ಣಪ್ಪ. "ನಮ್ಮಪ್ಪ ಆಕ್ಸಿದ್ದು."

ಭಾರ್ಗವಿ ಇಳಿದು ಸ್ಪ್ಯಾನರ್ ತೆಗೆದಳು. ಕಂಬಿಯ ಬೋಲ್ಟುಗಳು ತುಕ್ಕು ಹಿಡಿದಿದ್ದವು. ಒಂದೊಂದನ್ನೂ ಕಲ್ಲಿನಿಂದ ಬಡಿದು ಬಿಚ್ಚಿದಳು. ಮೂರು ಬಣ್ಣದ ತೇಪೆಯ ಹೊದಿಕೆಯನ್ನು ಮಡಚಿ ಗೋದಲಿಯಲ್ಲಿಟ್ಟಳು. ಜೀಪು ಬೋಳಾಗಿ, ಇನ್ನೂ ಹಳೆಯದಾಗಿ ಕಾಣಿಸಿತು. ಒಳಗೆ ಬಿಟ್ಟಳು. ಸರಿಯಾಗಿ ಹಿಡಿಯಿತು.

"ಮಳೆ ಬಂದ್ರೆ ಏನ್ಮಾಡ್ತೀಯಮ್ಮಾ ಮ್ಯಾಲೆ ಏನೂ ಇಲ್ದೆ?"

"ನೆನೀತೀನಿ."

ಮತ್ತೆ ಹಿಂದಕ್ಕೆ ತೆಗೆದಳು. ಹಾಲು ಕರೆಯುವ ಹೊತ್ತಿಗೆ ಇನ್ನೂ ಸಮಯವಿತ್ತು. ಸೊಣ್ಣಪ್ಪನ ಹೆಂಡತಿ ಆಗಲೇ ಒಂದು ಹೊರೆ ಹುರುಳಿಯನ್ನು ಕಣದ ಮೇಲೆ ಹರಡುತ್ತಿದ್ದಳು. ಭಾರ್ಗವಿ ಗೇರು ಹಾಕಿ, ಕಣದ ಅಂಚಿನಿಂದ ಮೊದಲ ಸುತ್ತು ಶುರು ಮಾಡಿದಳು.